ಪಾವಗಡದ ಕಡೆಯ ಅವ್ವ

ಪಾವಗಡದ ಬಸ್ಸು ಇನ್ನೂ ಬಂದಿರಲಿಲ್ಲ. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ನಾನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆಯುವುದನ್ನು ನೋಡಿ ನೋಡಿ ಸಾಕಾದ ಕಡ್ಲೆಕಾಯಿ ಮಾರುವವಳು, "ಒಂದು ಗಳಿಗೆ ಕೂತ್ಕೊಳ್ಳಿ ಮೇಡಂ, ನಂಗೇ ಕಾಲು ನೋವು ಬಂತು" ಅಂದಳು. ಕೂರುವ ಜಾಯಮಾನ ನನ್ನದಲ್ಲ. ಕೊರಟಗೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವಾಗಲೂ ನನ್ನ ಕುರ್ಚಿಯ ಮೇಲೆ ಮಕ್ಕಳ ಪುಸ್ತಕಗಳೇ ಕೂತಿರುತ್ತವೆ. ಅದರಲ್ಲೂ ಅವತ್ತು ಕೂರುವ ದಿನವೇ ಅಲ್ಲ. ಹನ್ನೊಂದಕ್ಕೆ ಅಂಬೇಡ್ಕರ್ ಭವನದಲ್ಲಿ ಕಾರ್ಯಕ್ರಮ, ಕಾರ್ಯಕ್ರಮ ಯಾರಿಗೋಸ್ಕರವೋ ಆ ಹುಡುಗಿ ಇನ್ನೂ ದಾರಿಯಲ್ಲಿ.

ಹುಡುಗಿಯ ಹೆಸರು ಅನುಷಾ. ಪಾವಗಡ ತಾಲ್ಲೂಕಿನಲ್ಲಿ ನಿಡುಗಲ್ ಬೆಟ್ಟದ ಬುಡದ ಒಂದು ಹಳ್ಳಿಯವಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು, ತುಮಕೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸೀಟು ಗಿಟ್ಟಿಸಿದ್ದಳು. ಸೋಮವಾರ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಅವತ್ತು ಭಾನುವಾರ.

ನಮ್ಮದೊಂದು ಬಳಗವಿದೆ, 'ಜೊತೆ' ಅಂತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಮೇಷ್ಟ್ರುಗಳು, ಗುಮಾಸ್ತರು, ನರ್ಸುಗಳು ಸೇರಿ ಕಟ್ಟಿಕೊಂಡದ್ದು. ಹೆಚ್ಚಿನವರು ತಮ್ಮ ತಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರು. ಒಬ್ಬೊಬ್ಬರೂ ಒಂದೊಂದು ಮಗುವಿನ ಜವಾಬ್ದಾರಿ ಹೊರಬೇಕು ಅನ್ನುವುದು ನಿಯಮ. ಪ್ರತಿ ಭಾನುವಾರ ಫೋನು ಮಾಡಬೇಕು, ಓದು ಕೇಳಬೇಕು, ಊಟ ಕೇಳಬೇಕು, ಮನೆಯಲ್ಲಿ ಮದುವೆಯ ಮಾತೆತ್ತಿದರೆ ಹೋಗಿ ಜಗಳವಾಡಬೇಕು. ಜಗಳದ ಕೆಲಸ ಎಲ್ಲರೂ ನನಗೇ ಬಿಡುತ್ತಾರೆ. ಅನುಷಾ ಎರಡು ವರ್ಷದಿಂದ ನನ್ನ ಪಾಲಿನ ಮಗು. ಅಕ್ಕ ಅನ್ನು ಅಂತ ಎಷ್ಟು ಹೇಳಿದರೂ ಮೇಡಂ ಅನ್ನುವುದನ್ನು ಬಿಡಲಿಲ್ಲ.

ಅವಳಿಗೆ ಅವತ್ತು ಸಿಗಬೇಕಾಗಿದ್ದದ್ದು ಚಾಂದ್ ಬಿ ವಿದ್ಯಾರ್ಥಿವೇತನ. ಶಿರಾದಲ್ಲಿ ಕಡ್ಲೆಕಾಯಿ ಮಂಡಿ ಇಟ್ಟಿರುವ ಕಲೀಮುಲ್ಲಾ ಸಾಹೇಬರು ತೀರಿಕೊಂಡ ತಮ್ಮ ತಾಯಿಯ ಹೆಸರಿನಲ್ಲಿ ವರ್ಷಕ್ಕೊಂದು ಮಗುವನ್ನು ಆರಿಸಿಕೊಂಡು, ಕೋರ್ಸು ಮುಗಿಯುವವರೆಗೂ ಓದಿಸುತ್ತಾರೆ. ಅರ್ಜಿ ಬೇಡ, ಸರ್ಟಿಫಿಕೇಟು ಬೇಡ. ಬಳಗದವರಲ್ಲಿ ಒಬ್ಬರು ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಅವರದು ಒಂದೇ ಷರತ್ತು: ಮಗುವಿಗೆ ತಾಯಿ ಇರಬಾರದು. ಅವರೂ ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವರು.

ಆಷಾಢದಲ್ಲಿ ಒಂದು ಭಾನುವಾರ ನಾನು ಫೋನು ಮಾಡಿದಾಗ ಅನುಷಾ ಮಾತಾಡಲಾರದೆ ಬಿಕ್ಕುತ್ತಿದ್ದಳು. "ಅವ್ವ ಹೋಗ್ಬುಟ್ಲು ಮೇಡಂ" ಅಂದಳು. ನನ್ನ ಅವ್ವ ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮೂರು ಪುರವರದ ಮನೆಯಲ್ಲಿ ಅವಳ ಎಲೆ ಅಡಿಕೆ ಚೀಲವನ್ನು ಗೂಟದಿಂದ ತೆಗೆಯಲು ನನಗಿನ್ನೂ ಕೈ ಬಂದಿರಲಿಲ್ಲ. ಆ ಕಡೆ ಅವಳು, ಈ ಕಡೆ ನಾನು ಫೋನು ಹಿಡಿದುಕೊಂಡೇ ಅತ್ತೆವು. ಅಷ್ಟರ ಮೇಲೆ ಏನು ಕೇಳುವುದು? ಅಪ್ಪ ಮೊದಲೇ ಮನೆ ಬಿಟ್ಟು ಹೋದವನು ಅಂತ ಗೊತ್ತಿತ್ತು. ಈಗ ತಾಯಿಯೂ ಇಲ್ಲ. ಬಳಗದ ಸಭೆಯಲ್ಲಿ ಎದ್ದು ನಿಂತು, ಚಾಂದ್ ಬಿ ಹೆಸರಿನ ಸಹಾಯ ಈ ಮಗುವಿಗೆ ಸಿಗದಿದ್ದರೆ ಇನ್ನು ಯಾರಿಗೆ ಅಂತ ಮೇಜು ಗುದ್ದಿ ಹೇಳಿದವಳು ನಾನೇ.

ಬಸ್ಸು ಬಂತು. ಅನುಷಾ ಇಳಿದಳು, ಎರಡು ಜಡೆ, ಇಸ್ತ್ರಿ ಮಾಡಿದ ಚೂಡಿದಾರ. ಅವಳ ಹಿಂದೆಯೇ ವೈರ್ ಬ್ಯಾಗು ಹಿಡಿದ ಒಬ್ಬ ಸಣಕಲು ಹೆಂಗಸು ಇಳಿದಳು. ಹೊಸ ಸೀರೆಯ ಮಡಿಕೆಗಳು ಇನ್ನೂ ಬಿಟ್ಟಿರಲಿಲ್ಲ.

"ಮೇಡಂ, ಇವ್ಳು ನಮ್ಮಮ್ಮ" ಅಂದಳು ಅನುಷಾ.

"ಯಾರು?"

"ನಮ್ಮಮ್ಮ ಮೇಡಂ. ಹಿಂದೂಪುರದಾಗೆ ಗಾರ್ಮೆಂಟ್ಸಿಗೆ ಹೋಗ್ತಾಳಲ್ಲ. ಭಾನುವಾರದ ಓಟಿ ಬಿಟ್ಟು ಬಂದವ್ಳೆ."

ಹೆಂಗಸು ಬ್ಯಾಗನ್ನು ನೆಲಕ್ಕಿಟ್ಟು ಎರಡೂ ಕೈ ಮುಗಿದಳು. "ನನ್ನ ಹೆಸ್ರು ಪಟಾಲಮ್ಮ ಅಂತಮ್ಮ. ನನ್ನ ಮಗಳ್ನ ದಾರಿಗೆ ಹಚ್ಚಿದ್ರಿ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ನಾನು ಅನುಷಾಳ ಕಡೆ ತಿರುಗಿದೆ. "ಮತ್ತೆ ಅವ್ವ ಹೋಗ್ಬುಟ್ಲು ಅಂದ್ಯಲ್ಲೇ ಆವತ್ತು?"

"ಹೋದ್ಲಲ್ಲ ಮೇಡಂ, ಆಷಾಢದಾಗೆ."

"ಅವ್ವ ಅಂದ್ರೆ ಯಾರು?"

ಹುಡುಗಿ ನನ್ನ ಮುಖವನ್ನೇ ನೋಡಿದಳು. ಗಣಿತದ ಟೀಚರಿಗೆ ಮಗ್ಗಿ ಗೊತ್ತಿಲ್ಲ ಅಂದರೆ ಹೇಗೆ ನೋಡುತ್ತಾರೋ ಹಾಗೆ. "ಅವ್ವ ಅಂದ್ರೆ ಅವ್ವ ಮೇಡಂ. ಅಮ್ಮನ್ನ ಹೆತ್ತೋಳು."

ಅಲ್ಲಿಗೆ ಎಲ್ಲವೂ ತಿಳಿಯಿತು. ಮಧುಗಿರಿಯ ಈಚೆ ಹೆತ್ತವಳು ಅವ್ವ. ಪಾವಗಡ ದಾಟಿದರೆ ಮನೆ ಮಾತು ಅರ್ಧ ತೆಲುಗು, ಅಲ್ಲಿ ಅವ್ವ ಅಂದರೆ ಅಜ್ಜಿ. ಎರಡು ವರ್ಷ ಈ ಹುಡುಗಿ ನನಗೆ ಅವ್ವ ಅಡಿಗೆ ಮಾಡ್ತಾವ್ಳೆ, ಅವ್ವ ಮೇಕೆ ಹೊಡ್ಕೊಂಡು ಹೋಗವ್ಳೆ ಅನ್ನುತ್ತಲೇ ಇದ್ದಳು. ನಾನು ನನ್ನ ಅವ್ವನ ಮುಖವನ್ನು ಅಲ್ಲಿಟ್ಟುಕೊಂಡು ಕೇಳುತ್ತಲೇ ಇದ್ದೆ. ಆಗೊಮ್ಮೆ ಈಗೊಮ್ಮೆ, ಹಿಂದೂಪುರದಿಂದ ಅಮ್ಮ ಬಂದವ್ಳೆ ಅಂದದ್ದೂ ಉಂಟು. ನಮ್ಮಲ್ಲಿ ಚಿಕ್ಕಮ್ಮನನ್ನೂ ಅಮ್ಮ ಅನ್ನುತ್ತೇವೆ. ಯಾರೋ ಚಿಕ್ಕಮ್ಮ ಇರಬೇಕು ಅಂದುಕೊಂಡು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ನನಗೆ, ನಿಮ್ಮ ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳುವ ಬುದ್ಧಿ ಇರಲಿಲ್ಲ.

ಅವರಿಬ್ಬರನ್ನೂ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂರಿಸಿ, ಇಡ್ಲಿ ಹೇಳಿ, ಹೊರಗೆ ಬಂದು ಯುವರಾಜನಿಗೆ ಫೋನು ಹಚ್ಚಿದೆ. ಯುವರಾಜ್ ನಮ್ಮ ಬಳಗದ ಕಾರ್ಯದರ್ಶಿ. ಶಿರಾದ ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರು, ಎಲ್ಲ ಸಮಾರಂಭಗಳಿಗೂ ಅವನದೇ ನಿರೂಪಣೆ. ಮೈಕು ಕೈಗೆ ಸಿಕ್ಕರೆ ಅವನಿಂದ ಬಿಡಿಸಿಕೊಳ್ಳಲು ಕರೆಂಟೇ ಹೋಗಬೇಕು. ಅವನಿಗೆ ಎಲ್ಲವನ್ನೂ ಹೇಳಿದೆ.

"ಪಾವಗಡದೋರು ಅಜ್ಜೀನ ಅವ್ವ ಅಂತಾರೆ ಅಂತ ಗೊತ್ತಿರ್ಲಿಲ್ವೇನಕ್ಕ ನಿಂಗೆ?" ಅಂದ.

"ಗೊತ್ತಿದ್ರೆ ಹಿಂಗೆ ಬೀದೀಲಿ ನಿಂತು ಒದ್ದಾಡ್ತಿದ್ನೇನ್ಲಾ? ಈಗ ಏನು ಮಾಡೋದು ಹೇಳು. ಸಾಹೇಬರಿಗೆ ನಿಜ ಹೇಳ್ಬುಡಾಣ."

"ಹೇಳು. ಹೇಳಿದ್ರೆ ನಾಳೆ ಆ ಹುಡುಗಿ ಫೀಸು ಯಾರು ಕಟ್ತಾರೆ? ಬಳಗದ ದುಡ್ಡು ಕೊಡಾಣ ಅಂದ್ರೆ ಈ ಸಲದ್ದು ಆಗ್ಲೇ ಹಂಚಿಬುಟ್ಟಿದೀವಿ. ಸಾಹೇಬ್ರು ಶಿರಾ ಬಿಟ್ಟಾಯ್ತು. ಪತ್ರಿಕೆಯೋರು ಬಂದು ಕೂತವ್ರೆ." ಆಮೇಲೆ ದನಿ ತಗ್ಗಿಸಿದ. "ಅಕ್ಕ, ಆಯಮ್ಮನ್ನ ಹಿಂದಿನ ಸಾಲಿಗೆ ಕೂರ್ಸು. ಯಾರಾದ್ರೂ ಕೇಳಿದ್ರೆ ಚಿಕ್ಕಮ್ಮ ಅಂದ್ಬುಡು. ಒಂದು ಗಂಟೆ ಕಾರ್ಯಕ್ರಮ ಅಷ್ಟೆ."

ಫೋನಿಟ್ಟು ರಸ್ತೆಯಲ್ಲೇ ನಾಲ್ಕು ಹೆಜ್ಜೆ ಆಚೆ ಹೋದೆ, ನಾಲ್ಕು ಹೆಜ್ಜೆ ಈಚೆ ಬಂದೆ. ಅವನಿಗೆ ಬೈದೆ, ನನಗೆ ಬೈದುಕೊಂಡೆ, ತಾಯಿ ಸತ್ತಿರಲೇಬೇಕು ಅಂತ ಷರತ್ತು ಹಾಕಿದ ಸಾಹೇಬರಿಗೂ ಬೈದೆ. ತಾಯಿ ಬದುಕಿದ್ದೂ ಕೈಯಲ್ಲಿ ಕಾಸಿಲ್ಲದ ಮಕ್ಕಳು ಎಲ್ಲಿಗೆ ಹೋಗಬೇಕು? ಬೈಗುಳ ಎಲ್ಲ ಮುಗಿದ ಮೇಲೂ ಸೋಮವಾರ ಸಂಜೆ ಅಲ್ಲೇ ಇತ್ತು. ಹೋಟೆಲಿನ ಒಳಕ್ಕೆ ಹೋದೆ.

ಪಟಾಲಮ್ಮ ಇಡ್ಲಿ ಮುಟ್ಟಿರಲಿಲ್ಲ, ನಾನು ಬರಲಿ ಅಂತ ಕಾಯುತ್ತಿದ್ದಳು. ಹೇಗೆ ಹೇಳಿದೆನೋ ನನಗೇ ನೆನಪಿಲ್ಲ. ಸಾಹೇಬರ ಷರತ್ತು ಹೇಳಿದೆ, ನನ್ನ ತಪ್ಪು ಹೇಳಿದೆ, ಹಿಂದಿನ ಸಾಲು ಹೇಳಿದೆ, ಚಿಕ್ಕಮ್ಮ ಹೇಳಿದೆ. ಹೇಳುತ್ತಾ ಹೇಳುತ್ತಾ ಮೇಜಿನ ಮೇಲಿನ ನೀರನ್ನು ಬೆರಳಿನಿಂದ ಒರೆಸುತ್ತಲೇ ಇದ್ದೆ. ಅವಳ ಮುಖ ನೋಡಲಾಗಲಿಲ್ಲ.

"ಅಯ್ಯೋ, ಅಷ್ಟೇನಾ?" ಅಂದಳು ಪಟಾಲಮ್ಮ. "ನಾನು ಏನೋ ಅಂತ ಗಾಬ್ರಿ ಬಿದ್ದೆ. ಚಿಕ್ಕಮ್ಮ ಅಂತೀನಿ ಬಿಡಮ್ಮ, ಅದಕ್ಕೇನಂತೆ? ಇವಳ್ನ ಹೆತ್ತು ಮೂರು ವರ್ಷಕ್ಕೆ ನಮ್ಮಮ್ಮನ ಕೈಗೆ ಹಾಕಿ ಹಿಂದೂಪುರಕ್ಕೆ ಹೋದೋಳು ನಾನು. ಜ್ವರ ಬಂದ್ರೆ ಅವ್ವ, ಸ್ಕೂಲಿಗೆ ಅವ್ವ, ದೊಡ್ಡೋಳಾದಾಗ್ಲೂ ಅವ್ವ. ನಾನು ಹದಿನೈದು ದಿನಕ್ಕೊಂದು ಸಲ ಬಂದು ಹೋಗೋ ನೆಂಟ್ರು. ಇದ್ರೂ ಇಲ್ದಂಗೇ ಇದ್ದೆ. ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ ಏನು ಹೋಯ್ತು?"

"ಅಮ್ಮಾ" ಅಂದಳು ಅನುಷಾ.

"ಊರ್ಕೋವೇ" ಅಂದಳು ತಾಯಿ. ಸುಮ್ಮನಿರು ಅಂತ. ಆಮೇಲೆ ನನ್ನ ಕಡೆ ತಿರುಗಿ, "ಇವ್ಳು ಏನೂ ಅನ್ನಲ್ಲಮ್ಮ. ಸೀಟು ಸಿಕ್ರೆ ಸಾಕು. ಆಸ್ಪತ್ರೇಲಿ ಬಿಳೀ ಬಟ್ಟೆ ಹಾಕ್ಕಂಡು ನಿಂತ್ರೆ ನಮ್ಮ ವಂಶದಾಗೆ ಯಾರೂ ನಿಲ್ಲದ ಜಾಗದಾಗೆ ನಿಂತಂಗೆ" ಅಂದಳು. ಇಡ್ಲಿಯನ್ನು ಮಗಳ ತಟ್ಟೆಗೆ ಹಾಕಿ, ತಾನು ಬರೀ ಕಾಫಿ ಕುಡಿದಳು.

ಅನುಷಾ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಇಲ್ಲ ಅಂದುಬಿಟ್ಟಾಳು ಅನ್ನುವ ಭಯ. ಭವನದವರೆಗೂ ನಡೆದೆವು. ನಾನು ಎಷ್ಟು ಬೀಸಾಗಿ ಹೆಜ್ಜೆ ಹಾಕಿದೆ ಅಂದರೆ ತಾಯಿ ಮಗಳು ಹಿಂದೆ ಉಳಿದು, ನಾನೇ ಮೂರು ಸಲ ನಿಂತು ಕಾಯಬೇಕಾಯಿತು.

ಭವನ ತುಂಬಿತ್ತು. ವೇದಿಕೆಯ ಮೇಲೆ ಬುದ್ಧ, ಅಂಬೇಡ್ಕರ್ ಪಟಗಳ ಪಕ್ಕದಲ್ಲಿ ಚಾಂದ್ ಬಿ ಅವರ ಹೆಸರು ಬರೆದ ಫಲಕ. ಅವರ ಫೋಟೋ ಒಂದೂ ಇಲ್ಲವಂತೆ. ಪಟಾಲಮ್ಮ ನಾನು ತೋರಿಸುವ ಮೊದಲೇ ಹೋಗಿ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ, ವೈರ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅನುಷಾಳನ್ನು ವೇದಿಕೆಯ ಮೇಲೆ ಸಾಹೇಬರ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ನನಗೆ ಮೊದಲ ಸಾಲಿನಲ್ಲಿ ಜಾಗವಿತ್ತು. ನಾನು ಹೋಗಿ ಗೋಡೆಗೆ ಒರಗಿ ನಿಂತೆ.

ಕಲೀಮುಲ್ಲಾ ಸಾಹೇಬರು ಬಿಳಿ ಗಡ್ಡದ, ದಪ್ಪ ಕನ್ನಡಕದ, ಮೆಲ್ಲಗೆ ಮಾತಾಡುವ ಮನುಷ್ಯ. ಮಂಡಿಯಲ್ಲಿ ಇಷ್ಟು ಮೆಲ್ಲಗೆ ಮಾತಾಡಿ ವ್ಯಾಪಾರ ಹೇಗೆ ಮಾಡುತ್ತಾರೋ ಅಂತ ನನಗೆ ಯಾವಾಗಲೂ ಆಶ್ಚರ್ಯ. "ನನಗೆ ಭಾಷಣ ಬರಲ್ಲ" ಅಂದರು. "ಅಮ್ಮೀ ಹೋದಾಗ ನಾನು ಇಷ್ಟುದ್ದ ಇದ್ದೆ. ಸ್ಕೂಲಲ್ಲಿ ಬಟ್ಟೆ ಹರಿದ್ರೆ ಬೇರೆ ಹುಡುಗ್ರು ಮನೆಗೆ ಹೋಗಿ ಹೊಲಿಸ್ಕೊಂಡು ಬರ್ತಿದ್ರು. ನಾನು ಕೈಯಲ್ಲಿ ಮುಚ್ಕೊಂಡು ಕೂತಿರ್ತಿದ್ದೆ. ಅಂಥ ಮಕ್ಳಿಗೆ ಅಂತ ಅಮ್ಮೀ ಹೆಸರಲ್ಲಿ ನಿಯ್ಯತ್ತು, ಅಂದ್ರೆ ಸಂಕಲ್ಪ, ಮಾಡ್ಕೊಂಡೆ. ಬೇರೆ ಏನೂ ಇಲ್ಲ." ಇಷ್ಟು ಹೇಳಿ ಕೂತುಬಿಟ್ಟರು. ಅವರಿಗೆ ಹೋಟೆಲಿನ ಮುಂದೆ ಬೈದದ್ದನ್ನೆಲ್ಲ ನಾನು ವಾಪಸ್ಸು ತೆಗೆದುಕೊಂಡೆ. ಕೆಟ್ಟವನಿಗೆ ಸುಳ್ಳು ಹೇಳುವುದು ಸುಲಭ.

ಈಗ ಚೆಕ್ಕು ಕೊಟ್ಟು ಮುಗಿಸಿಬಿಡಬಹುದಾಗಿತ್ತು. ಯುವರಾಜ್ ಮುಗಿಸಬೇಕಲ್ಲ! ಮೈಕು ಹಿಡಿದು, ಕಣ್ಣು ಅರೆಮುಚ್ಚಿ, ನಿಡುಗಲ್ ಬೆಟ್ಟದ ಬಿಸಿಲಿನಿಂದ ಶುರು ಮಾಡಿದ. ತಾಯಿಯ ಮಡಿಲು ತಪ್ಪಿದ ತಬ್ಬಲಿ ಅಂದ. ತಾಯಿ ಹಚ್ಚಿಟ್ಟು ಹೋದ ದೀಪ ಅಂದ. ಇವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ಇಷ್ಟು ರಾಗ ಎಳೆಯುತ್ತಿದ್ದಾನಲ್ಲ ಅಂತ ನನಗೆ ಮೈ ಉರಿದುಹೋಯಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಅವನಿಗೆ ಇನ್ನೂ ಹುರುಪು ಬಂತು.

"ಬಂಧುಗಳೇ, ಮಾತೆ ಚಾಂದ್ ಬಿ ಅವರ ಮತ್ತು ಈ ಮಗುವಿನ ತಾಯಿಯ ನೆನಪಿಗೆ ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಅಂದ.

ಕುರ್ಚಿಗಳು ಕಿರುಗುಟ್ಟಿದವು. ಇಡೀ ಭವನ ಎದ್ದು ನಿಂತಿತು. ನಾನು ಹಿಂದಕ್ಕೆ ತಿರುಗಿ ನೋಡಿದೆ, ನೋಡಬಾರದಾಗಿತ್ತು. ಪಟಾಲಮ್ಮನೂ ಎದ್ದು ನಿಂತಿದ್ದಳು. ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈ ಕಟ್ಟಿ, ಕಣ್ಣು ಮುಚ್ಚಿ ನಿಂತಿದ್ದಳು. ಪಕ್ಕದವರಿಗಿಂತ ಶ್ರದ್ಧೆಯಿಂದ ನಿಂತಿದ್ದಳು. ತನ್ನ ಸಾವಿಗೆ ತಾನೇ ಮೌನ ಆಚರಿಸುತ್ತಿದ್ದಳು. ಇದಕ್ಕೆ ಅವಳನ್ನು ಕರೆದುಕೊಂಡು ಬಂದವಳು ನಾನು, ಹಿಂದಿನ ಸಾಲು ಅಂದವಳೂ ನಾನೇ.

ಮತ್ತೆ ವೇದಿಕೆಯ ಕಡೆ ತಿರುಗಿದೆ. ಅಲ್ಲಿ ಎಲ್ಲರೂ ನಿಂತಿದ್ದರು. ಅನುಷಾ ಕೂತಿದ್ದಳು.

ಕೂತಿದ್ದಳು ಅಂದರೆ, ಏಳಲು ಮರೆತು ಕೂತದ್ದಲ್ಲ. ಕುರ್ಚಿಯ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದು, ನೆಲಕ್ಕೆ ಕಾಲೂರಿ, ಎದುರಿಗೆ ಕೊನೆಯ ಸಾಲನ್ನೇ ನೋಡುತ್ತಾ ಕೂತಿದ್ದಳು. ಯುವರಾಜ್ ಕಣ್ಸನ್ನೆ ಮಾಡಿದ. ಅಲುಗಲಿಲ್ಲ. ಮೊಣಕೈಯಿಂದ ಮೆಲ್ಲಗೆ ತಿವಿದ. ಅಲುಗಲಿಲ್ಲ. ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಮೌನ ಮುಗಿಯುವ ಮೊದಲೇ ಮುರಿದುಬಿತ್ತು.

ಸಾಹೇಬರು ಬಗ್ಗಿ ಕೇಳಿದರು. "ಯಾಕೆ ಬೇಟಿ? ಮೈ ಸರಿಯಿಲ್ವಾ?"

"ಸರಿಯಾಗೈತೆ ಸಾರ್" ಅಂದಳು. ಪಕ್ಕದಲ್ಲೇ ಯುವರಾಜನ ಕೈಯಲ್ಲಿದ್ದ ಮೈಕು ಅವಳ ಸಣ್ಣ ದನಿಯನ್ನು ಬಾಗಿಲವರೆಗೂ ಒಯ್ದಿತು. "ಸತ್ತೋರಿಗಲ್ವಾ ಸಾರ್ ಎದ್ದು ನಿಂತ್ಕೊಳ್ಳೋದು? ನಮ್ಮಮ್ಮ ಬದುಕವ್ಳೆ. ಅಗೋ ಅಲ್ಲಿ ನಿಂತವ್ಳೆ."

ಇಡೀ ಭವನ ಒಟ್ಟಿಗೆ ಹಿಂದಕ್ಕೆ ತಿರುಗಿತು. ಪಟಾಲಮ್ಮನ ಬಾಯಿ ತೆರೆದುಕೊಂಡಿತು. ಆಮೇಲೆ ಅಷ್ಟು ಸಣ್ಣ ಮೈಯಿಂದ ಎಂಥ ದನಿ ಬಂತು!

"ಸುಳ್ಳು ಸಾಮಿ! ಅವ್ಳ ಮಾತು ಕೇಳ್ಬೇಡ್ರಿ! ಚಿಕ್ಕ ಹುಡುಗಿ, ದುಃಖದಾಗೆ ಏನೋ ಅಂತಾವ್ಳೆ. ನಾನು ಅವ್ಳ ಚಿಕ್ಕಮ್ಮ ಸಾಮಿ. ಅವಳಮ್ಮ ಸತ್ತೋದ್ಲು. ನಾನೇ ಕಣ್ಣಾರೆ ನೋಡಿದೀನಿ, ನನ್ನ ಕೈಯ್ಯಾರೆ ಮಣ್ಣು ಮಾಡಿದೀನಿ, ಸತ್ತೋದ್ಲು!"

"ಅಮ್ಮಾ, ಸಾಕು ಊರ್ಕೋ!" ಅಂತ ಅನುಷಾ ಅಲ್ಲಿಂದ ಕಿರುಚಿದಳು.

"ನಾನು ಯಾರೇ ನಿಂಗೆ ಅಮ್ಮ? ಅಮ್ಮ ಅನ್ನಬ್ಯಾಡ ನನ್ನ!"

ಎಲ್ಲರೂ ನಿಂತೇ ಇದ್ದರು. ಕೂರಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಯುವರಾಜ್ ತಾನಾಗಿಯೇ ಮೈಕನ್ನು ಕೆಳಗಿಟ್ಟ. ಸಾಹೇಬರು ಒಮ್ಮೆ ತಾಯಿಯನ್ನು, ಒಮ್ಮೆ ಮಗಳನ್ನು ನೋಡಿ, ಕೊನೆಗೆ ಗೋಡೆಯ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿದರು. "ವನಜಾಕ್ಷಿ ಮೇಡಂ, ನಾನು ನಿಮ್ಮ ಮಾತಿನ ಮೇಲೆ ಬಂದಿದೀನಿ. ನೀವೇ ಹೇಳಿ. ಈಯಮ್ಮ ಯಾರು?"

ಚಿಕ್ಕಮ್ಮ ಅಂದರೆ ಮುಗಿಯಿತು. ನಾಳೆ ಸೀಟು ಉಳಿಯುತ್ತದೆ, ಹುಡುಗಿ ನರ್ಸಾಗುತ್ತಾಳೆ. ಪಟಾಲಮ್ಮ ಅಷ್ಟು ದೂರದಿಂದ ಎರಡೂ ಕೈ ಮುಗಿದು ನನ್ನನ್ನು ನೋಡುತ್ತಿದ್ದಳು, ಅವಳ ತುಟಿಗಳು ಚಿಕ್ಕಮ್ಮ, ಚಿಕ್ಕಮ್ಮ ಅನ್ನುತ್ತಿದ್ದವು. ಅನುಷಾ ನನ್ನ ಕಡೆ ನೋಡಲೂ ಇಲ್ಲ. ನಾನು ಚಿಕ್ಕಮ್ಮ ಅಂದರೆ ಅಷ್ಟು ಜನರೆದುರು ಅವಳು ಸುಳ್ಳಿ ಆಗುತ್ತಾಳೆ, ಅದೂ ಅವಳು ನಿಜ ಹೇಳಿದ ಕಾರಣಕ್ಕೆ. ಎರಡು ವರ್ಷ ಪ್ರತಿ ಭಾನುವಾರ ಧೈರ್ಯವಾಗಿ ಮಾತಾಡು, ತಲೆ ತಗ್ಗಿಸಬೇಡ ಅಂತ ಅವಳಿಗೆ ಹೇಳಿಕೊಟ್ಟವಳು ನಾನು. ಅವಳು ಇವತ್ತು ಅದನ್ನೇ ಮಾಡಿದಳು.

"ಪಟಾಲಮ್ಮ ಅಂತ ಸಾರ್" ಅಂದೆ. "ಅನುಷಾನ ಹೆತ್ತ ತಾಯಿ. ಸತ್ತೋಳು ಅಜ್ಜಿ. ಅವ್ರ ಕಡೆ ಅಜ್ಜೀನ ಅವ್ವ ಅಂತಾರೆ, ನಾನು ತಪ್ಪು ತಿಳ್ಕೊಂಡೆ. ಆ ತಪ್ಪು ಬೆಳಿಗ್ಗೆನೇ ಗೊತ್ತಾಯ್ತು. ಗೊತ್ತಾದ ಮೇಲೂ ಮುಚ್ಚಿಟ್ಟೆ. ಅವರಿಬ್ಬರದ್ದೂ ಏನೂ ತಪ್ಪಿಲ್ಲ."

ಪಟಾಲಮ್ಮ ಕುರ್ಚಿಯ ಮೇಲೆ ಕುಸಿದು ಕೂತಳು. "ಅಯ್ಯೋ, ನನ್ನ ಮಗಳ ಓದು ಕಳೆದ್ಬುಟ್ಯಲ್ಲಮ್ಮ" ಅಂದಳು. ಅದು ನನಗೆ ಈಗಲೂ ಕೇಳಿಸುತ್ತದೆ, ಪಾಠ ಮಾಡುವಾಗ, ಅನ್ನ ಬಸಿಯುವಾಗ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅನುಕೂಲವಿತ್ತು, ತಿರುಗಿ ಏನಾದರೂ ಅನ್ನಬಹುದಿತ್ತು. "ಮೇಡಂ, ಇದು ನಿಯ್ಯತ್ತಿನ ದುಡ್ಡು" ಅಂದರು. "ಒಬ್ರಿಗೆ ಅಂತ ಎತ್ತಿಟ್ಟು ಇನ್ನೊಬ್ರಿಗೆ ಕೊಟ್ರೆ ನಮ್ಮ ಅಮ್ಮೀಗೆ ಮುಟ್ಟಲ್ಲ. ತಾಯಿಲ್ಲದ ಮಗು ಇನ್ನೆಲ್ಲೋ ಕೂತು ಕಾಯ್ತಿರ್ತದೆ. ಅದರ ಪಾಲು ನಾನು ಹೆಂಗೆ ಕೊಡ್ಲಿ?" ಆಮೇಲೆ ವೇದಿಕೆಯಿಂದ ಇಳಿದು, ನಡುವಿನ ದಾರಿಯಲ್ಲಿ ನಡೆದು, ಪಟಾಲಮ್ಮನ ಮುಂದೆ ನಿಂತರು. "ಆಪಾ, ಅಕ್ಕಾ, ಇನ್ನೊಂದ್ಸಲ ಅಂಥ ಮಾತು ಬಾಯಲ್ಲಿ ಬರಬಾರ್ದು" ಅಂದರು. ಅಷ್ಟು ಹೇಳಿ ಹೊರಗೆ ಹೋಗಿ ಕಾರು ಹತ್ತಿದರು.

ವಾಪಸ್ಸು ಬಸ್ ಸ್ಟ್ಯಾಂಡಿಗೆ ಮೂವರೂ ನಡೆದೆವು. ಈಗ ಪಟಾಲಮ್ಮ ಮುಂದೆ, ನಾವಿಬ್ಬರೂ ಹಿಂದೆ. ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಮಗಳ ಮೇಲೆ ಮಾತ್ರ ತೆಲುಗಿನಲ್ಲಿ ಹರಿಹಾಯುತ್ತಿದ್ದಳು. ಅರ್ಧ ನನಗೆ ಅರ್ಥವಾಯಿತು, ಇನ್ನರ್ಧ ಅರ್ಥವಾಗದಿದ್ದುದೇ ಒಳ್ಳೆಯದಾಯಿತು. ಮಗಳು ಎಲ್ಲ ಕೇಳಿಸಿಕೊಂಡು, ಪಾವಗಡದ ಬಸ್ಸಿನ ಹತ್ತಿರ ನಿಂತಳು.

"ಇದು ಒಂದು ದಿನಕ್ಕೆ ಮುಗೀತಿತ್ತೇನಮ್ಮ? ಕೋರ್ಸು ನಾಲ್ಕು ವರ್ಷ. ವರ್ಷಾ ವರ್ಷ ಇಲ್ಲಿಗೆ ಬಂದು ನಿನ್ನ ಸಾಯಿಸ್ಬೇಕಿತ್ತು. ಅವ್ವನ್ನ ಒಂದ್ಸಲ ಕಳ್ಕೊಂಡಿದ್ದೇ ತಡ್ಕೊಳ್ಳಾಕಾಗ್ತಿಲ್ಲ ನಂಗೆ" ಅಂದಳು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಹುಡುಗಿ ಅಲ್ಲಿ ಅತ್ತಳು. ತಾಯಿ ಬೈಯುವುದನ್ನು ನಿಲ್ಲಿಸಿದಳು. ಮಗಳ ಕಣ್ಣೊರೆಸಲು ಕೈ ಎತ್ತಿದಳು, ಅಭ್ಯಾಸವಿಲ್ಲದ ಕೈ, ಕೆನ್ನೆಯ ಹತ್ತಿರ ಹೋಗಿ ನಿಂತಿತು. ಆಮೇಲೆ ಸೆರಗಿನಿಂದ ಜೋರಾಗಿಯೇ ಒರೆಸಿದಳು.

ನನಗೆ ನಿಲ್ಲಲಾಗಲಿಲ್ಲ. "ನಾಳೆ ಬೆಳಿಗ್ಗೆ ನಾನು ರಜಾ ಹಾಕ್ತೀನಿ ಪಟಾಲಮ್ಮ. ಅನುಷಾನ ಕರ್ಕೊಂಡು ತುಮಕೂರಿಗೆ ಹೋಗಿ ಪ್ರಿನ್ಸಿಪಾಲರ ಕೈಕಾಲು ಹಿಡಿದಾದ್ರೂ ಒಂದು ವಾರ ಟೈಮು ತಗೋತೀನಿ. ಅಷ್ಟರಾಗೆ ಬಳಗದೋರ ಮನೆ ಮನೆಗೂ ಹೋಗ್ತೀನಿ" ಅಂದೆ. ಒಂದೇ ಉಸಿರಿಗೆ ಅಂದೆ.

ಪಟಾಲಮ್ಮ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು. ಅವತ್ತು ಭವನ ಬಿಟ್ಟ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ನೀನು ಮನೆಗಳಿಗೆ ಹೋಗಮ್ಮ. ಕಾಲೇಜಿಗೆ ನಾನು ಹೋಗ್ತೀನಿ" ಅಂದಳು.

"ನಿಮ್ಗೆ ಡ್ಯೂಟಿ?"

"ಇದ್ರೆ ಇರ್ತೈತೆ, ಹೋದ್ರೆ ಹೋಯ್ತೈತೆ. ಇವ್ಳು ಒಂದನೇ ಕ್ಲಾಸಿಗೆ ಸೇರುವಾಗ್ಲಿಂದ ಸ್ಕೂಲ್ ಬಾಗಿಲು ತುಳಿದೋಳಲ್ಲ ನಾನು. ಎಲ್ಲಾದಕ್ಕೂ ನಮ್ಮಮ್ಮನ್ನೇ ಕಳಿಸ್ದೆ." ಬ್ಯಾಗನ್ನು ಮಗಳ ಕೈಗೆ ಕೊಟ್ಟು, ಮಡಿಕೆ ಬಿಡದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಲ್ಲಿ ಯಾರಾದ್ರೂ ನೀನ್ಯಾರು ಅಂತ ಕೇಳೇ ಕೇಳ್ತಾರೆ. ಕೇಳ್ಲಿ. ಅವಳಮ್ಮ ಅಂತೀನಿ."

ಬಸ್ಸು ಹೊರಟಿತು. ಬಳಗದಲ್ಲಿ ಮೊದಲು ಯಾರ ಮನೆಗೆ ಹೋಗುವುದು ಅಂತ ಕೇಳಲು ಯುವರಾಜನಿಗೆ ಫೋನು ಮಾಡಿದೆ. ಅವನು ಎತ್ತಲಿಲ್ಲ. ಮತ್ತೆ ಮಾಡಿದೆ.